ನಾರ್ನಿಯಾ ಕಥೆಗಳಲ್ಲಿ ತಾಳೆಯಾಗದ ಲೆಕ್ಕಗಳು: ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ನಮ್ಮ ಮನೆ ತಾರಸಿಯ ಮೇಲೆ ಭಾನುವಾರ ಬೆಳಿಗ್ಗೆ ಬೀದಿಯ ಮಕ್ಕಳು ಸೇರುತ್ತಾರೆ. ನಾನು ಒಂದು ಪುಟ ಇಂಗ್ಲಿಷಿನಲ್ಲಿ ಓದುತ್ತೇನೆ, ಆಮೇಲೆ ಅದನ್ನೇ ಕನ್ನಡದಲ್ಲಿ ಕಥೆಯಾಗಿ ಹೇಳುತ್ತೇನೆ. ಬಿಸಿಲು ಏರುವ ಹೊತ್ತಿಗೆ ಮುಗಿಸಬೇಕು. ಮುಗಿಯುವುದಿಲ್ಲ, ಯಾಕೆಂದರೆ ಪ್ರಶ್ನೆಗಳು. ಸಿ. ಎಸ್. ಲೂಯಿಸ್ ಬರೆದ ನಾರ್ನಿಯಾದ ಏಳು ಪುಸ್ತಕಗಳನ್ನು ಹೀಗೆ ಎರಡು ಸಲ ಮುಗಿಸಿದ್ದೇವೆ, ಮೂರನೇ ಸಲ ನಡೆಯುತ್ತಿದೆ. ಮೊದಲ ಸಲ ಕೇಳಿದ ಮಕ್ಕಳು ಈಗ ಪಿಯುಸಿ. ಮಕ್ಕಳು ಬದಲಾದರು, ಪ್ರಶ್ನೆಗಳು ಬದಲಾಗಲಿಲ್ಲ. ಅದೇ ಜಾಗಕ್ಕೆ ಬಂದ ಕೂಡಲೇ ಒಂದು ಕೈ ಮೇಲೇಳುತ್ತದೆ. "ಆಂಟಿ, ಅವತ್ತು ಬೇರೆ ಥರ ಹೇಳಿದ್ರಲ್ಲಾ?"

ಹಾಗಾಗಿ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಕಥೆ ಪೂರ್ತಿ ಓದದವರು ಜೋಪಾನ, ಇಲ್ಲಿ ಗುಟ್ಟುಗಳೆಲ್ಲ ಹೊರಗೆ ಬೀಳುತ್ತವೆ.

ಪುಸ್ತಕಗಳ ಉದ್ದುದ್ದ ಹೆಸರು ನಮ್ಮ ತಾರಸಿಯಲ್ಲಿ ಯಾರೂ ಹೇಳುವುದಿಲ್ಲ. ಪೀಟರ್, ಸೂಸನ್, ಎಡ್ಮಂಡ್, ಲೂಸಿ ಎಂಬ ನಾಲ್ಕು ಮಕ್ಕಳು ಬಟ್ಟೆ ಇಡುವ ಬೀರುವಿನೊಳಗೆ ಹೊಕ್ಕು ನಾರ್ನಿಯಾಕ್ಕೆ ಹೋಗುವುದು ಬೀರು ಪುಸ್ತಕ. ಎರಡನೆಯದು ಕ್ಯಾಸ್ಪಿಯನ್ ಪುಸ್ತಕ. ಆಮೇಲೆ ಹಡಗು ಪುಸ್ತಕ, ಕುರ್ಚಿ ಪುಸ್ತಕ, ಕುದುರೆ ಪುಸ್ತಕ. ನಾರ್ನಿಯಾ ಹುಟ್ಟುವ ಕಥೆ ಉಂಗುರ ಪುಸ್ತಕ, ಅದು ಮುಗಿದುಹೋಗುವ ಕಥೆ ಕೊನೆ ಪುಸ್ತಕ. ಕೆಳಗೂ ಇವೇ ಹೆಸರು.

ಮೊದಲು ಯಾವುದನ್ನು ಓದಬೇಕು? ಒಬ್ಬೊಬ್ಬರ ಪುಸ್ತಕದ ಮೇಲೆ ಒಂದೊಂದು ನಂಬರ್ ಇದೆ.

ಮೊದಲು ಬೀರು ಪುಸ್ತಕ. ನನ್ನ ಮಟ್ಟಿಗೆ ಇದರಲ್ಲಿ ಎರಡು ಮಾತಿಲ್ಲ.

ನಂಬರ್ ಗೊಂದಲಕ್ಕೆ ಕಾರಣ ಇದು. ಪುಸ್ತಕಗಳು 1950ರಿಂದ 1956ರವರೆಗೆ ವರ್ಷಕ್ಕೊಂದರಂತೆ ಬಂದವು. ಮೊದಲು ಬೀರು, ಆರನೆಯದಾಗಿ 1955ರಲ್ಲಿ ಉಂಗುರ. ಆದರೆ ಉಂಗುರ ಪುಸ್ತಕದಲ್ಲಿರುವುದು ಎಲ್ಲಕ್ಕಿಂತ ಹಳೆಯ ಕಥೆ. ಅಮೆರಿಕದ ಹಳೆಯ ಸೆಟ್ಟುಗಳಲ್ಲಿ ಅಚ್ಚಾದ ಕ್ರಮದಲ್ಲೇ ನಂಬರ್ ಇತ್ತು. 1994ರಲ್ಲಿ ಹಾರ್ಪರ್‌ಕಾಲಿನ್ಸ್‌ನವರು ಕಥೆ ನಡೆದ ಕಾಲದ ಕ್ರಮಕ್ಕೆ ಬದಲಾಯಿಸಿದರು, ಉಂಗುರಕ್ಕೆ ಒಂದನೇ ನಂಬರ್ ಸಿಕ್ಕಿತು. ಈಗ ಅಂಗಡಿಯಲ್ಲಿ ಸಿಗುವುದು ಜಾಸ್ತಿ ಅದೇ.

1957ರಲ್ಲಿ ಒಬ್ಬ ಹುಡುಗ ಇದೇ ವಿಷಯಕ್ಕೆ ಅಮ್ಮನ ಜೊತೆ ವಾದಕ್ಕೆ ಬಿದ್ದು ಲೂಯಿಸ್‌ಗೇ ಪತ್ರ ಬರೆದ. ಹುಡುಗನದು ಕಾಲದ ಕ್ರಮ, ಅಮ್ಮನದು ಅಚ್ಚಾದ ಕ್ರಮ. ನನಗೂ ನಿನ್ನದೇ ಸರಿ ಅನ್ನಿಸುತ್ತದೆ ಎಂದು ಲೂಯಿಸ್ ಹುಡುಗನ ಕಡೆ ವಾಲಿದ. ಆದರೆ ಅದೇ ಪತ್ರದಲ್ಲಿ ಇನ್ನೂ ಎರಡು ಮಾತಿದೆ. ಬೀರು ಬರೆಯುವಾಗ ಇನ್ನೊಂದು ಬರೆಯುತ್ತೇನೆಂದು ನನಗೇ ಗೊತ್ತಿರಲಿಲ್ಲ, ಯಾವ ಕ್ರಮದಲ್ಲಿ ಓದಿದರೂ ಅಷ್ಟೇನೂ ವ್ಯತ್ಯಾಸ ಆಗಲಿಕ್ಕಿಲ್ಲ ಎಂದ. ಮಗುವಿಗೂ ಬೇಜಾರಾಗಬಾರದು, ಅಮ್ಮನಿಗೂ ಮುಖಭಂಗ ಆಗಬಾರದು ಅಂತ ಬರೆದ ಹಾಗಿದೆ, ಅಲ್ವಾ?

ನಾನು ಅಮ್ಮನ ಕಡೆ. ಬೀರು ಪುಸ್ತಕದಲ್ಲಿ ಅಸ್ಲಾನ್ ಎಂಬ ಸಿಂಹದ ಹೆಸರು ಮೊದಲ ಸಲ ಬಂದಾಗ, ಅವನು ಯಾರೆಂದು ನಿಮಗೆ ಎಷ್ಟು ಗೊತ್ತೋ ಆ ಮಕ್ಕಳಿಗೂ ಅಷ್ಟೇ ಗೊತ್ತು ಎಂಬ ಅರ್ಥದ ಮಾತಿದೆ. ಉಂಗುರ ಮೊದಲು ಓದಿದವರಿಗೆ ಈ ಮಾತು ಸುಳ್ಳಾಗಿಬಿಡುತ್ತದೆ.

ಮುಂದಿನ ಅರ್ಧ ಪ್ರಶ್ನೆಗಳಿಗೂ ಉತ್ತರ ಆ ಪತ್ರದಲ್ಲೇ ಇದೆ. ಏಳು ಪುಸ್ತಕಕ್ಕೂ ಪ್ಲ್ಯಾನ್ ಹಾಕಿ ಅವನು ಕೂತವನಲ್ಲ. ಒಂದು ಕೋಣೆ ಕಟ್ಟಿದ, ಚೆನ್ನಾಗಿದೆ ಅನ್ನಿಸಿ ಇನ್ನೊಂದು ಸೇರಿಸಿದ, ಆಮೇಲೆ ಕೊನೆಗೆ ಹೋಗಿ ಪಾಯ ತೋಡಿದ.

ನಾರ್ನಿಯಾದಲ್ಲಿ ಮನುಷ್ಯರೇ ಇರಲಿಲ್ಲ ಎಂದು ಮಾತಾಡುವ ಪ್ರಾಣಿ ಬೀವರ್ ಹೇಳುತ್ತದೆ. ಉಂಗುರ ಪುಸ್ತಕದಲ್ಲಿ ಮೊದಲ ದಿನವೇ ಮನುಷ್ಯ ರಾಜನಾಗುತ್ತಾನೆ. ಯಾವುದು ನಿಜ?

ಪ್ರತಿ ಸಲವೂ ಮೊದಲು ಬರುವ ಪ್ರಶ್ನೆ ಇದೇ. ದೊಡ್ಡದೂ ಇದೇ.

ಬೀರು ಪುಸ್ತಕದಲ್ಲಿ ಬೀವರ್ ಯಜಮಾನ ಸ್ಪಷ್ಟವಾಗಿ ಹೇಳುತ್ತಾನೆ, ನಿಮ್ಮ ಜಾತಿಯವರು ಇಲ್ಲಿಗೆ ಯಾವತ್ತೂ ಬಂದಿಲ್ಲ ಅಂತ. ಲೂಸಿಗೆ ಅಲ್ಲಿ ಮೊದಲು ಸಿಗುವ ಆಡುಕಾಲಿನ ಟಮ್ನಸ್ ಮನೆಯ ಕಪಾಟಿನಲ್ಲಿ "ಮನುಷ್ಯ ಅನ್ನುವುದು ಕಟ್ಟುಕಥೆಯೇ?" ಎಂಬ ಅರ್ಥದ ಪುಸ್ತಕ ಬೇರೆ ಇದೆ. ಉಂಗುರ ಪುಸ್ತಕಕ್ಕೆ ಬಂದರೆ ಲಂಡನ್ನಿನ ಜಟಕಾ ಓಡಿಸುವ ಫ್ರಾಂಕ್ ಮತ್ತು ಅವನ ಹೆಂಡತಿ ಹೆಲೆನ್ ನಾರ್ನಿಯಾದ ಮೊದಲ ರಾಜ ರಾಣಿ. ಅವರ ಎರಡನೇ ಮಗ ಪಕ್ಕದ ಆರ್ಚನ್‌ಲ್ಯಾಂಡಿಗೆ ರಾಜ. ಕುದುರೆ ಪುಸ್ತಕದಲ್ಲಿ ಮರುಭೂಮಿಯ ಆಚೆ ಕ್ಯಾಲರ್ಮೆನ್ ಎಂಬ ದೊಡ್ಡ ದೇಶ, ತುಂಬಾ ಮನುಷ್ಯರೇ. ಕ್ಯಾಸ್ಪಿಯನ್ ಪುಸ್ತಕದ ಟೆಲ್ಮಾರಿನವರು ನಮ್ಮ ಲೋಕದಿಂದಲೇ ಹೋದ ಕಡಲುಗಳ್ಳರ ಸಂತಾನ.

ಲೂಯಿಸ್ ಕಡೆಯಿಂದ ನೋಡಿದರೆ ಉತ್ತರ ಸುಲಭ. ಬೀರು ಬರೆಯುವಾಗ ಫ್ರಾಂಕ್ ಇನ್ನೂ ಅವನ ತಲೆಯಲ್ಲಿ ಹುಟ್ಟಿರಲಿಲ್ಲ.

ಕಥೆಯ ಒಳಗಿಂದ ಉತ್ತರ ಬೇಕು ಎಂದು ಮಕ್ಕಳು ಹಟ ಹಿಡಿಯುತ್ತಾರೆ. ಆಗ ನಾನು ಕೇಳುವ ಪ್ರಶ್ನೆ ಒಂದೇ: ಈ ಮಾತು ಹೇಳಿದ್ದು ಯಾರು? ಲೂಯಿಸ್ ಹೇಳಿದನೋ, ಬೀವರ್ ಹೇಳಿತೋ? ಬೀವರ್ ಹೇಳಿದ್ದು. ಅದು ಹೊಳೆಯ ಕಟ್ಟೆ ಮೇಲೆ ಮನೆ ಮಾಡಿಕೊಂಡಿರುವ ಪ್ರಾಣಿ. ನೂರು ವರ್ಷದಿಂದ ಹಿಮ ಬಿದ್ದು ದಾರಿಗಳೇ ಇಲ್ಲ. ನಾರ್ನಿಯಾವನ್ನು ಹಿಡಿದಿಟ್ಟುಕೊಂಡಿದ್ದ ಬಿಳಿ ಮಾಟಗಾತಿಯ ಗೂಢಚಾರರಿಗೆ ಹೆದರಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಹಳೆಯ ರಾಜರ ಹೆಸರು ಹೇಳಿಕೊಡುವವರು ಯಾರು? ಅಸ್ಲಾನ್ ತನ್ನ ಕಾಲದಲ್ಲೂ ಬಂದಿಲ್ಲ, ತನ್ನಪ್ಪನ ಕಾಲದಲ್ಲೂ ಬಂದಿಲ್ಲ ಎಂದು ಬೀವರೇ ಅದೇ ಮಾತುಕತೆಯಲ್ಲಿ ಒಪ್ಪಿಕೊಳ್ಳುತ್ತದೆ.

ನಮ್ಮ ಕಡೆಯದೇ ನೋಡಿ. ನನ್ನ ಗಂಡನ ಊರು ಮುಳಬಾಗಿಲ ಹತ್ತಿರ. ಅಲ್ಲಿಯವರಿಗೆ ವಾಲ್ಮೀಕಿ ಆಶ್ರಮ ಇದ್ದದ್ದು ಆವನಿ ಬೆಟ್ಟದಲ್ಲಿ, ಲವಕುಶರು ಹುಟ್ಟಿದ್ದು ಅಲ್ಲೇ. ಚಿಂತಾಮಣಿ ಕಡೆಯವರನ್ನು ಕೇಳಿದರೆ ಭೀಮ ಬಕಾಸುರನನ್ನು ಕೊಂದ ಏಕಚಕ್ರನಗರ ಅವರ ಕೈವಾರವೇ. ಉತ್ತರ ಭಾರತದವರನ್ನು ಕೇಳಿ, ಬೇರೆ ಊರು ತೋರಿಸುತ್ತಾರೆ. ಆವನಿಯ ಅಜ್ಜಿ ಸುಳ್ಳು ಹೇಳುತ್ತಿಲ್ಲ. ಅವರಿಗೆ ಅವರ ಅಜ್ಜಿ ಹೇಳಿದ್ದು ಅದು. ಬೀವರ್ ಕೂಡ ಅಷ್ಟೇ.

ಆದರೂ ಒಂದು ಕೊಕ್ಕೆ ಉಳಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆರ್ಚನ್‌ಲ್ಯಾಂಡ್ ಬೆಟ್ಟದ ಆಚೆಗೇ ಇದೆ. ಮಾಟಗಾತಿಯ ಕಾಟ ಮುಗಿಯಲು ನಾಲ್ಕು ಸಿಂಹಾಸನಕ್ಕೆ ನಾಲ್ಕು ಮನುಷ್ಯರು ಬೇಕು ಎಂದರೆ ಅಲ್ಲಿಂದ ಕರೆಸಬಹುದಿತ್ತು. ಯಾಕೆ ಕರೆಸಲಿಲ್ಲ? ಇದಕ್ಕೆ ಪುಸ್ತಕದಲ್ಲಿ ಉತ್ತರ ಇಲ್ಲ. ಆರನೇ ಕ್ಲಾಸಿನ ಹುಡುಗಿಯೊಬ್ಬಳು "ಪಕ್ಕದ ಊರಿನ ಗಲಾಟೆಗೆ ಯಾರು ಬರ್ತಾರೆ ಆಂಟಿ" ಎಂದಳು. ಸದ್ಯಕ್ಕೆ ಅದೇ ನಮ್ಮ ಉತ್ತರ.

ಬಿಳಿ ಮಾಟಗಾತಿ ಎಲ್ಲಿಯವಳು?

ಇಲ್ಲೂ ಬೀವರ್ ಮಾತೇ ತೊಡಕು. ಅವಳು ಒಂದು ಕಡೆಯಿಂದ ಆದಾಮನ ಮೊದಲ ಹೆಂಡತಿ ಲಿಲಿತ್‌ಳ ವಂಶ, ಇನ್ನೊಂದು ಕಡೆಯಿಂದ ದೈತ್ಯರ ವಂಶ ಎನ್ನುತ್ತದೆ ಅದು. ಉಂಗುರ ಪುಸ್ತಕದಲ್ಲಿ ಅವಳು ಚಾರ್ನ್ ಎಂಬ ಬೇರೆಯದೇ ಲೋಕದ ರಾಣಿ ಜೇಡಿಸ್. ಒಂದೇ ಒಂದು ಮಾತು ಹೇಳಿ ತನ್ನ ಲೋಕದ ಜೀವಗಳನ್ನೆಲ್ಲ ಕೊಂದವಳು.

ಇವೆರಡೂ ಪೂರ್ತಿ ಬೇರೆ ಅಂತಲೂ ಅಲ್ಲ. ಚಾರ್ನ್‌ನ ರಾಜಮನೆತನದಲ್ಲಿ ದೈತ್ಯರ ರಕ್ತ ಇದೆ ಎಂದು ಕೆಲವರು ಹೇಳುತ್ತಾರೆ ಎಂಬ ಸಾಲು ಉಂಗುರ ಪುಸ್ತಕದಲ್ಲೂ ಇದೆ. ಲೂಯಿಸ್‌ಗೆ ಬೀವರ್ ಮಾತು ನೆನಪಿತ್ತು ಅಂತಾಯಿತು. ಜೇಡಿಸ್ ಎಂಬ ಹೆಸರು ಕೂಡ ಆಮೇಲೆ ತಂದು ಅಂಟಿಸಿದ್ದಲ್ಲ. ಬೀರು ಪುಸ್ತಕದಲ್ಲಿ ಟಮ್ನಸ್‌ನನ್ನು ಹಿಡಿದುಕೊಂಡು ಹೋದ ಮೇಲೆ ಅವನ ಮನೆಯಲ್ಲಿ ಒಂದು ನೋಟೀಸ್ ಬಿದ್ದಿರುತ್ತದಲ್ಲ, ಅದರಲ್ಲಿ ಇದೆ. ಎಲ್ಲರೂ ಆ ನೋಟೀಸನ್ನು ಹಾರಿಸಿಕೊಂಡು ಓದುತ್ತಾರೆ.

ಸಾವಿಲ್ಲದ ಸೇಬು ತಿಂದವಳು ಸತ್ತದ್ದು ಹೇಗೆ?

ಜೇಡಿಸ್ ಕದ್ದು ತಿಂದ ಹಣ್ಣಿನಿಂದ ಅವಳಿಗೆ ಕುಂದದ ಶಕ್ತಿ, ಮುಗಿಯದ ಆಯುಷ್ಯ ಸಿಕ್ಕಿತು ಎಂದು ಅಸ್ಲಾನೇ ಹೇಳುತ್ತಾನೆ. ಬೀರು ಪುಸ್ತಕದ ಯುದ್ಧದಲ್ಲಿ ಅದೇ ಅಸ್ಲಾನ್ ಅವಳ ಮೇಲೆ ಹಾರುತ್ತಾನೆ, ಅವಳು ಸಾಯುತ್ತಾಳೆ.

ಈ ಪ್ರಶ್ನೆಗೆ ನಾನು ಬಾಯಿ ತೆರೆಯುವ ಮೊದಲೇ ಮಕ್ಕಳೇ ಉತ್ತರ ಕೊಟ್ಟುಬಿಡುತ್ತಾರೆ. ದೇವರಾಯನದುರ್ಗಕ್ಕೆ ಹತ್ತಿ ನರಸಿಂಹನನ್ನು ನೋಡಿ ಬಂದ ಮಕ್ಕಳಲ್ವಾ ಇವರು? ಹಿರಣ್ಯಕಶಿಪುವಿಗೂ ವರ ಇತ್ತು. ಹಗಲಲ್ಲ ರಾತ್ರಿಯಲ್ಲ, ಒಳಗಲ್ಲ ಹೊರಗಲ್ಲ. ಕೊನೆಗೆ ಸಿಂಹದ ಮುಖ ಬಂತು. ಸಾವಿಲ್ಲದವರನ್ನು ಕೊಲ್ಲುವುದು ಹೇಗೆ ಎಂಬುದು ನಮ್ಮ ಪುರಾಣಗಳಿಗೆ ಹಳೇ ಪಾಠ. ಮುದಿತನ ಬಂದು ಸಾಯುವುದಿಲ್ಲ ಎಂಬುದು ಬೇರೆ, ಯಾರು ಹೊಡೆದರೂ ಸಾಯುವುದಿಲ್ಲ ಎಂಬುದು ಬೇರೆ. ಸೇಬು ಕೊಟ್ಟದ್ದು ಮೊದಲನೆಯದನ್ನು ಅಂತ ನಾನು ಓದಿಕೊಂಡಿದ್ದೇನೆ.

ಅಸ್ಲಾನ್ ಅಂದರೆ ನರಸಿಂಹನೇನಾ ಎಂದು ಇದರ ಹಿಂದೆಯೇ ಕೇಳುತ್ತಾರೆ. ಅಲ್ಲ. ಅಸ್ಲಾನ್ ಎಂಬುದು ತುರ್ಕಿ ಮಾತು, ಅರ್ಥ ಸಿಂಹ ಅಂತ. ಲೂಯಿಸ್ ಮನಸ್ಸಿನಲ್ಲಿ ಇದ್ದದ್ದು ಕ್ರಿಸ್ತ. ನಾರ್ನಿಯಾದಂಥ ಲೋಕಕ್ಕೆ ಕ್ರಿಸ್ತ ಬಂದರೆ ಯಾವ ರೂಪದಲ್ಲಿ ಬರಬಹುದು ಎಂದು ಊಹಿಸಿ ಬರೆದೆ ಎಂದು ಅವನೇ ಹೇಳಿಕೊಂಡಿದ್ದಾನೆ.

ಇಲ್ಲಿ ಹೆದರಿಕೆಯ ಸಾಲು ಒಂದಿದೆ. ಕ್ಯಾಸ್ಪಿಯನ್ ಪುಸ್ತಕದಲ್ಲಿ ಒಬ್ಬ ಮುದುಕಿ, ಮಾಟಗಾತಿ ನಿಜವಾಗಿ ಸತ್ತದ್ದನ್ನು ಯಾರಾದರೂ ಕೇಳಿದ್ದೀರಾ, ಅವರನ್ನು ವಾಪಸ್ ಕರೆಯಬಹುದು ಎನ್ನುತ್ತಾಳೆ. ಇದನ್ನು ಸಂಜೆ ಹೊತ್ತು ಓದಬೇಡಿ.

ನೂರು ವರ್ಷ ಬರೀ ಹಿಮ. ಹಾಗಾದರೆ ಆಲೂಗೆಡ್ಡೆ ಎಲ್ಲಿ ಬೆಳೆದರು?

ಪಾವಗಡದಿಂದ ಬಂದು ನಮ್ಮ ಬೀದಿಯಲ್ಲಿರುವ ಹುಡುಗ ಇದನ್ನು ಕೇಳಿದ. ಒಂದು ವರ್ಷ ಮಳೆ ಕೈಕೊಟ್ಟರೆ ಮನೆಯಲ್ಲಿ ಏನಾಗುತ್ತದೆ ಎಂದು ಕಂಡವನು ಕೇಳುವ ಪ್ರಶ್ನೆ.

ಪಟ್ಟಿ ಮಾಡಿದರೆ ನಗು ಬರುತ್ತದೆ. ಟಮ್ನಸ್ ಲೂಸಿಗೆ ಕೊಡುವುದು ಬೇಯಿಸಿದ ಮೊಟ್ಟೆ, ಮೀನಿಟ್ಟ ಟೋಸ್ಟ್, ಬೆಣ್ಣೆ ಸವರಿದ ಟೋಸ್ಟ್, ಜೇನು, ಸಕ್ಕರೆ ಹಾಕಿದ ಕೇಕ್, ಚಹಾ. ಬೀವರ್ ಮನೆಯಲ್ಲಿ ಆಲೂಗೆಡ್ಡೆ, ಬೆಣ್ಣೆ, ಹಾಲು, ಬಿಯರ್, ಆಮೇಲೆ ಕಿತ್ತಳೆಯ ಮಾರ್ಮಲೇಡ್ ಹಾಕಿದ ಸಿಹಿ. ಬರಗಾಲದ ಊಟ ಅಂತೂ ಅಲ್ಲ. ಹಸು ಎಲ್ಲಿ? ಹುಲ್ಲೆಲ್ಲಿ? ಜೇನುಹುಳಕ್ಕೆ ಹೂವೆಲ್ಲಿ? ಕಿತ್ತಳೆ ಎಲ್ಲಿಂದ?

ಪುಸ್ತಕ ಹೇಳುವುದಿಲ್ಲ. ಹೊರಗಿನಿಂದ ಬಂದಿರಬೇಕು ಎಂಬುದು ನನ್ನ ಊಹೆ. ಹಿಮ ಬಿದ್ದದ್ದು ನಾರ್ನಿಯಾದಲ್ಲಿ. ದಕ್ಷಿಣಕ್ಕೆ ಆರ್ಚನ್‌ಲ್ಯಾಂಡ್, ಅದರಾಚೆ ಬಿಸಿಲಿನ ಕ್ಯಾಲರ್ಮೆನ್. ಪಾವಗಡದಲ್ಲಿ ತೆಂಗಿನ ತೋಟ ಕಮ್ಮಿ. ಹಾಗಂತ ಅಲ್ಲಿಯ ಅಂಗಡಿಯಲ್ಲಿ ತಿಪಟೂರಿನ ಕೊಬ್ಬರಿ ಸಿಗುವುದಿಲ್ಲವಾ? ಹುಡುಗ ಒಪ್ಪಲಿಲ್ಲ. "ರೋಡೇ ಇಲ್ಲ ಅಂದ್ರಲ್ಲ ಆಂಟಿ, ಲಾರಿ ಹೆಂಗೆ ಬಂತು?" ಮೇಲೆ ಬೀವರ್ ಪರವಾಗಿ ವಾದಿಸುವಾಗ ನಾನೇ ಹೇಳಿದ್ದ ಮಾತು. ಸೋತೆ.

ಇನ್ನೊಂದು ದಾರಿ ಇದೆ. ಲೂಯಿಸ್ ಈ ಪುಸ್ತಕ ಬರೆದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ರೇಷನ್ ಇತ್ತು. ಯುದ್ಧ 1945ಕ್ಕೇ ಮುಗಿದರೂ ರೇಷನ್ ಪೂರ್ತಿ ನಿಂತದ್ದು 1954ರಲ್ಲಿ. ಬೆಣ್ಣೆ, ಸಕ್ಕರೆ, ಮೊಟ್ಟೆ, ಮಿಠಾಯಿ ಎಲ್ಲವೂ ಅಳತೆಯ ಮೇಲೆ ಸಿಗುತ್ತಿದ್ದವು. ಆ ಮಕ್ಕಳಿಗೆ ಊಟದ ವರ್ಣನೆಯೇ ಒಂದು ಮಾಯಾಲೋಕ. ಎಡ್ಮಂಡ್ ಮಾಟಗಾತಿ ಕೊಟ್ಟ ಒಂದು ಡಬ್ಬಿ ಟರ್ಕಿಷ್ ಡಿಲೈಟ್ ಎಂಬ ಮಿಠಾಯಿಗೆ ಒಡಹುಟ್ಟಿದವರನ್ನೇ ಮಾರಿದ ಎಂದು ಬೈಯುವ ಮೊದಲು ಇದು ನೆನಪಿರಲಿ.

ಬೀವರ್ ಮೀನು ತಿನ್ನುತ್ತದಾ?

ಇಲ್ಲ. ನಿಜವಾದ ಬೀವರ್ ತೊಗಟೆ, ಚಿಗುರು, ಗಿಡಗಂಟಿ ತಿನ್ನುವ ಪ್ರಾಣಿ. ಇದನ್ನು ಕಂಡುಹಿಡಿದ ಹುಡುಗ ಒಂದು ವಾರ ಕಾಲರ್ ಏರಿಸಿಕೊಂಡು ಓಡಾಡಿದ. ನಮ್ಮ ಹೊಳೆಗಳ ನೀರುನಾಯಿ ಮೀನು ತಿನ್ನುತ್ತದೆ, ಅದು ಬೇರೆ. ಆದರೆ ಹೊಲಿಗೆ ಮಿಷನ್ ಇಟ್ಟುಕೊಂಡಿರುವ ಬೀವರಮ್ಮನನ್ನು ಒಪ್ಪಿಕೊಂಡ ಮೇಲೆ ಬಾಣಲೆಯಲ್ಲಿ ಮೀನು ಕಂಡು ಬೆಚ್ಚಿಬೀಳುವುದು ಯಾಕೆ?

ಯೇಸುವೇ ಇಲ್ಲದ ಲೋಕದಲ್ಲಿ ಕ್ರಿಸ್‌ಮಸ್ ತಾತ ಹೇಗೆ ಬಂದ?

ಇದನ್ನು ಕೇಳಿದ್ದು ನಮ್ಮ ಮಕ್ಕಳು ಮಾತ್ರ ಅಲ್ಲ. ಲೂಯಿಸ್‌ನ ಗೆಳೆಯರೇ ಕೇಳಿದ್ದರು. ಹಸ್ತಪ್ರತಿ ಓದಿದ ರೋಜರ್ ಲ್ಯಾನ್ಸೆಲಿನ್ ಗ್ರೀನ್ ಆ ತಾತನನ್ನು ತೆಗೆದುಬಿಡು ಎಂದ. ಟೋಲ್ಕಿನ್‌ಗೆ ಈ ಕಲಬೆರಕೆ ಹಿಡಿಸಲೇ ಇಲ್ಲ. ರೋಮಿನ ಆಡುಕಾಲಿನ ಫಾನ್, ಉತ್ತರದ ಕುಳ್ಳರು, ಮಾತಾಡುವ ಪ್ರಾಣಿಗಳು, ಅದರ ಮಧ್ಯೆ ಜಾರುಬಂಡಿಯ ತಾತ. ಲೂಯಿಸ್ ತೆಗೆಯಲಿಲ್ಲ.

ತೆಗೆಯದೆ ಇದ್ದದ್ದೇ ಒಳ್ಳೆಯದಾಯಿತು ಎಂದು ನನ್ನ ಅಭಿಪ್ರಾಯ. ಯಾವಾಗಲೂ ಚಳಿಗಾಲ, ಆದರೆ ಯಾವತ್ತೂ ಕ್ರಿಸ್‌ಮಸ್ ಇಲ್ಲ ಎಂದರೆ ಇಂಗ್ಲೆಂಡಿನ ಮಗುವಿಗೆ ಒಂದೇ ಏಟಿಗೆ ಅರ್ಥವಾಗುತ್ತದೆ. ನಾನು ಇಲ್ಲಿ ಹೇಳುವಾಗ "ವರ್ಷವೆಲ್ಲಾ ಬೇವು, ಬೆಲ್ಲ ಮಾತ್ರ ಇಲ್ಲ" ಎಂದೆ. ಅರ್ಥವಾಯಿತು.

ಈ ಕಥೆ ಹುಟ್ಟಿದ್ದೂ ಲೆಕ್ಕಾಚಾರದಿಂದ ಅಲ್ಲ. ಹಿಮದ ಕಾಡಿನಲ್ಲಿ ಕೊಡೆ ಹಿಡಿದು, ಪೊಟ್ಟಣ ಹೊತ್ತು ಬರುವ ಫಾನ್‌ನ ಚಿತ್ರವೊಂದು ಲೂಯಿಸ್ ತಲೆಯಲ್ಲಿ ಹದಿನಾರನೇ ವಯಸ್ಸಿನಿಂದ ಇತ್ತು. ಸುಮಾರು ನಲವತ್ತರಲ್ಲಿ, ಇದನ್ನೊಂದು ಕಥೆ ಮಾಡೋಣ ಎಂದು ಕೂತ. ಆ ಪೊಟ್ಟಣಗಳೂ ಕ್ರಿಸ್‌ಮಸ್ ಸಾಮಾನಿನ ಹಾಗೆ ಕಾಣುತ್ತವೆ ಎಂದು ಪುಸ್ತಕದ ಮೊದಲ ಅಧ್ಯಾಯದಲ್ಲೇ ಬರುತ್ತದೆ.

ಅಲ್ಲಿಯ ಒಂದು ವರ್ಷ ಅಂದರೆ ಇಲ್ಲಿಯ ಎಷ್ಟು?

ಏಳನೇ ಕ್ಲಾಸಿನ ಒಬ್ಬ ಇದಕ್ಕೆ ತ್ರೈರಾಶಿ ಹಾಕಿಕೊಂಡು ಬಂದಿದ್ದ. ಪಾಪ, ರಾತ್ರಿಯೆಲ್ಲ ಕೂತಿದ್ದನಂತೆ.

ಅಂಕಿಗಳು ಹೀಗಿವೆ. ಲೂಯಿಸ್ ತಾನೇ ಒಂದು ಕಾಲಪಟ್ಟಿ ಬರೆದಿಟ್ಟಿದ್ದ, ಅವನು ಸತ್ತ ಮೇಲೆ ಅದು ಅಚ್ಚಾಯಿತು. ನಾರ್ನಿಯಾ ಹುಟ್ಟಿದ್ದು ನಮ್ಮ 1900ರಲ್ಲಿ. ಬೀರು ಕಥೆ ನಡೆದದ್ದು ನಮ್ಮ 1940, ಅಲ್ಲಿ 1000ನೇ ವರ್ಷ. ಕ್ಯಾಸ್ಪಿಯನ್ ಕಥೆ ಇಲ್ಲಿ 1941, ಅಲ್ಲಿ 2303. ಹಡಗು ಕಥೆ 1942, ಅಲ್ಲಿ 2306. ಕುರ್ಚಿ ಕಥೆಯೂ 1942ರಲ್ಲೇ, ಕೆಲವು ತಿಂಗಳ ಅಂತರ ಅಷ್ಟೇ, ಅಲ್ಲಿ 2356. ಎಲ್ಲ ಮುಗಿದದ್ದು 1949, ಅಲ್ಲಿ 2555.

ಅಂದರೆ ಮೊದಲ 40 ವರ್ಷಕ್ಕೆ 1000. ಅದರ ಮೇಲಿನ ಒಂದೇ ವರ್ಷಕ್ಕೆ ಸುಮಾರು 1300. ಅದರ ಮುಂದಿನ ವರ್ಷಕ್ಕೆ ಬರೀ 3. ಆಮೇಲೆ ಒಂದು ರಜೆ ಮುಗಿದು ಸ್ಕೂಲು ಶುರುವಾಗುವಷ್ಟರಲ್ಲಿ 50. ಹಡಗು ಪುಸ್ತಕದಲ್ಲಿ ಹುಡುಗನಂತಿದ್ದ ಕ್ಯಾಸ್ಪಿಯನ್ ಕುರ್ಚಿ ಪುಸ್ತಕದಲ್ಲಿ ನಡುಗುವ ಮುದುಕ. ಎರಡೂ ಕಥೆಯಲ್ಲಿರುವ ಹುಡುಗ ಯೂಸ್ಟಸ್‌ಗೆ ಗುರುತೇ ಸಿಗುವುದಿಲ್ಲ. ತ್ರೈರಾಶಿ ಮಕಾಡೆ ಮಲಗಿತು.

ಇದು ಎಡವಟ್ಟಲ್ಲ, ಬೇಕೆಂದೇ ಮಾಡಿದ್ದು. ಹಡಗು ಪುಸ್ತಕದ ಮೊದಲ ಅಧ್ಯಾಯದಲ್ಲೇ ಲೂಯಿಸ್ ಬಿಡಿಸಿ ಹೇಳುತ್ತಾನೆ. ನೀವು ನಾರ್ನಿಯಾದಲ್ಲಿ ನೂರು ವರ್ಷ ಇದ್ದರೂ ಹೊರಟ ಅದೇ ಹೊತ್ತಿಗೆ ವಾಪಸ್ ಬರುತ್ತೀರಿ. ಆದರೆ ಇಲ್ಲಿ ಒಂದು ವಾರ ಇದ್ದು ಮತ್ತೆ ಹೋದರೆ ಅಲ್ಲಿ ಸಾವಿರ ವರ್ಷ ಆಗಿರಬಹುದು, ಒಂದೇ ದಿನ ಆಗಿರಬಹುದು, ಏನೂ ಆಗದೇ ಇರಬಹುದು. ನಿಯಮ ಅಂದರೆ ಇಷ್ಟೇ. ಅಲ್ಲಿದ್ದಾಗ ಇಲ್ಲಿಯ ಗಡಿಯಾರ ನಿಲ್ಲುತ್ತದೆ. ಇಲ್ಲಿದ್ದಾಗ ಅಲ್ಲಿಯದು ಮನಸ್ಸಿಗೆ ಬಂದ ಹಾಗೆ ಓಡುತ್ತದೆ.

ನಮ್ಮ ಮಕ್ಕಳಿಗೆ ನಾನು ರೇವತಿ ಕಥೆ ಹೇಳುತ್ತೇನೆ. ಕಕುದ್ಮಿ ರಾಜ ಮಗಳಿಗೆ ಗಂಡು ಯಾರು ಎಂದು ಕೇಳಲು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಹಾಡು ನಡೆಯುತ್ತಿತ್ತು, ಮುಗಿಯಲಿ ಎಂದು ಸ್ವಲ್ಪ ಕಾದ. ವಿಷಯ ಹೇಳಿದರೆ ಬ್ರಹ್ಮ ನಕ್ಕುಬಿಟ್ಟ. ನೀನು ಮನಸ್ಸಿನಲ್ಲಿಟ್ಟುಕೊಂಡ ಗಂಡುಗಳು ಸತ್ತು, ಅವರ ಮಕ್ಕಳು ಮೊಮ್ಮಕ್ಕಳೂ ಹೋಗಿ, 27 ಚತುರ್ಯುಗ ಆಯಿತು ಎಂದ. ಕೊನೆಗೆ ರೇವತಿ ಬಲರಾಮನ ಕೈ ಹಿಡಿದಳು. ಕ್ಯಾಸ್ಪಿಯನ್ ಪುಸ್ತಕದಲ್ಲಿ ತಾವೇ ಆಳಿದ್ದ ಕೋಟೆಯ ಹಾಳಿನ ಮುಂದೆ ನಿಂತು "ಇದು ನಮ್ಮ ಮನೆ" ಎಂದು ಗುರುತು ಹಿಡಿಯುವ ಪೀಟರ್‌ಗೂ ಆದದ್ದು ಅದೇ. ವ್ಯತ್ಯಾಸ ಇಷ್ಟೇ. ನಮ್ಮ ಕಥೆಯಲ್ಲಿ ಮೇಲೆ ಹೋದವರಿಗೆ ಕೆಳಗಿನ ಕಾಲ ಕಳೆದುಹೋಗುತ್ತದೆ, ನಾರ್ನಿಯಾದಲ್ಲಿ ಮನೆಯಲ್ಲಿ ಕೂತವರಿಗೆ ಆ ಲೋಕ ಕಳೆದುಹೋಗುತ್ತದೆ.

ಬೀರು ಇದ್ದ ಮನೆಯ ಪ್ರೊಫೆಸರ್ ತಾತ ಚಿಕ್ಕವನಿದ್ದಾಗ ನಾರ್ನಿಯಾಕ್ಕೆ ಹೋಗಿದ್ದವನು. ಲೂಸಿ ಅಷ್ಟು ಅತ್ತಾಗ ಬಾಯಿ ಬಿಡಬಾರದಿತ್ತಾ?

ನನಗೆ ಇಡೀ ಸರಣಿಯಲ್ಲಿ ತುಂಬಾ ಇಷ್ಟವಾದ ತೇಪೆ ಇದು.

ಬೀರು ಪುಸ್ತಕದಲ್ಲಿ ಪೀಟರ್ ಮತ್ತು ಸೂಸನ್ ಬಂದು, ಲೂಸಿ ಏನೇನೋ ಹೇಳುತ್ತಿದ್ದಾಳೆ ಎಂದು ದೂರುತ್ತಾರೆ. ಪ್ರೊಫೆಸರ್ ನಗುವುದಿಲ್ಲ. ಅವಳು ಸುಳ್ಳು ಹೇಳುತ್ತಿರಬೇಕು, ಇಲ್ಲ ಹುಚ್ಚಿರಬೇಕು, ಇಲ್ಲ ನಿಜ ಇರಬೇಕು ಎಂದು ತರ್ಕ ಹಿಡಿಯುತ್ತಾನೆ. ಐದು ವರ್ಷ ಬಿಟ್ಟು ಉಂಗುರ ಪುಸ್ತಕ ಬಂದಾಗ ಗೊತ್ತಾಗುತ್ತದೆ, ಅವನೇ ಡಿಗೊರಿ, ನಾರ್ನಿಯಾ ಹುಟ್ಟುವುದನ್ನು ಕಣ್ಣಾರೆ ಕಂಡವನು. ಬೀರು ಮಾಡಿಸಿದ್ದೂ ಅವನೇ. ಅಲ್ಲಿಂದ ತಂದ ಸೇಬಿನ ಬೀಜದಿಂದ ಲಂಡನ್ನಿನಲ್ಲಿ ಬೆಳೆದ ಮರ ಗಾಳಿಗೆ ಬಿದ್ದಾಗ ಅದರ ಹಲಗೆಯಿಂದ ಮಾಡಿಸಿದ್ದು.

ಹಾಗಾದರೆ ಗೊತ್ತಿದ್ದೂ ಸುಮ್ಮನಿದ್ದನಾ? ಬೀರುವಿಗೆ ಶಕ್ತಿ ಇದೆ ಎಂದು ಅವನಿಗೆ ಗೊತ್ತಿರಲಿಲ್ಲ. ಅದರ ಮಾಯೆಯನ್ನು ಕಂಡದ್ದು ಅವನಲ್ಲ, ಬೇರೆಯವರು ಎಂದು ಉಂಗುರ ಪುಸ್ತಕ ಒಂದು ಸಾಲು ಇಟ್ಟಿದೆ. ಬೀರು ಪುಸ್ತಕದಲ್ಲೂ ಅವನು, ಈ ಮನೆ ವಿಚಿತ್ರವಾದದ್ದು, ನನಗೇ ಇದರ ಬಗ್ಗೆ ಅಷ್ಟಾಗಿ ಗೊತ್ತಿಲ್ಲ ಎನ್ನುತ್ತಾನೆ. ಮೊದಲ ಓದಿಗೆ ಇದು ಮುದುಕನ ತಮಾಷೆ. ಉಂಗುರ ಓದಿ ಬಂದು ಮತ್ತೆ ಓದಿ. ಎಲ್ಲೋ ಕಳೆದುಹೋಯಿತು ಎಂದುಕೊಂಡಿದ್ದ ಲೋಕದ ಸುದ್ದಿ, ಯಾರದೋ ಮನೆಯ ಪುಟ್ಟ ಹುಡುಗಿಯ ಬಾಯಿಂದ ಅವನ ಕಿವಿಗೆ ಬೀಳುತ್ತಿದೆ. ಲೂಯಿಸ್ ಮೊದಲು ಬರೆದಾಗ ಇದು ಅವನಿಗೂ ಗೊತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ. ಆಮೇಲೆ ಹಾಕಿದ ಹೊಲಿಗೆ. ಆದರೆ ಎಲ್ಲೂ ದಾರ ಕಾಣುವುದಿಲ್ಲ.

ಒಂದು ಕಡೆ ಮಾತ್ರ ಕಾಣುತ್ತದೆ. ಬೀರು ಪುಸ್ತಕದಲ್ಲಿ ಅವನು ತುಂಬಾ ಮುದುಕ, ತಲೆ ಮುಖ ಎಲ್ಲಾ ಬಿಳಿ ಕೂದಲು. ಕಾಲಪಟ್ಟಿಯ ಪ್ರಕಾರ ಅವನು ಹುಟ್ಟಿದ್ದು 1888, ಅಂದರೆ ಆಗ 52 ವರ್ಷ. ಇದನ್ನು ಓದಿದ ದಿನ ನಮ್ಮ ಮನೆಯವರು ಕಾಫಿ ಲೋಟ ಕೆಳಗಿಟ್ಟು ಎದ್ದು ಹೋದರು. ಅವರಿಗೆ 53.

ಕಾಡಿನ ಮಧ್ಯೆ ಬೀದಿ ದೀಪ ಯಾಕಿದೆ?

ಜೇಡಿಸ್ ಲಂಡನ್ನಿನಲ್ಲಿ ದೀಪದ ಕಂಬದ ಒಂದು ಸರಳು ಮುರಿದುಕೊಂಡು ಬಂದು ಅಸ್ಲಾನ್ ತಲೆಗೆ ಎಸೆದಳು. ಅವನಿಗೆ ಏನೂ ಆಗಲಿಲ್ಲ. ಸರಳು ಬಿದ್ದ ಮಣ್ಣು ಅವತ್ತೇ ಹುಟ್ಟಿದ ಮಣ್ಣು, ಏನು ಬಿದ್ದರೂ ಮೊಳೆಯುತ್ತಿತ್ತು. ಹಾಗಾಗಿ ಕಂಬ ಬೆಳೆಯಿತು. ರಾಮ ಬಾಣ ಬಿಟ್ಟ ಕಡೆ ನಾಮದ ಚಿಲುಮೆ ಉಕ್ಕಿದ್ದನ್ನು ಒಪ್ಪಿರುವ ನಮ್ಮ ಊರಿನವರಿಗೆ ಇದೇನೂ ಕಷ್ಟವಲ್ಲ.

ಮಾಟಗಾತಿಯ ತೋಳದ ಹೆಸರು ನನ್ನ ಪುಸ್ತಕದಲ್ಲಿ ಬೇರೆ ಇದೆ.

ನಿಮ್ಮದು ಹಳೆಯ ಅಮೆರಿಕದ ಪ್ರತಿ. ಬ್ರಿಟಿಷ್ ಪ್ರತಿಯಲ್ಲಿ ಅದು ಮಾಗ್ರಿಮ್, ಅಮೆರಿಕದ್ದರಲ್ಲಿ ಫೆನ್ರಿಸ್ ಉಲ್ಫ್. ಕರಡು ತಿದ್ದುವಾಗ ಲೂಯಿಸೇ ಬದಲಾಯಿಸಿದ್ದು. 1994ರ ನಂತರದ ಪ್ರತಿಗಳಲ್ಲಿ ಎಲ್ಲ ಕಡೆ ಮಾಗ್ರಿಮ್.

ಹೆಣ್ಣುಮಕ್ಕಳು ಯುದ್ಧ ಮಾಡಬಾರದು ಎಂದು ಕ್ರಿಸ್‌ಮಸ್ ತಾತ ಹೇಳಿದ. ಆಮೇಲೆ ಲೂಸಿ ಯಾಕೆ ಹೋದಳು?

ಹೋದಳು, ಕುದುರೆ ಪುಸ್ತಕದಲ್ಲಿ ಬಿಲ್ಲುಗಾರರ ಜೊತೆ. ತಾತನ ಮಾತು ಅವಳಿಗೂ ಹಿಡಿಸಿರಲಿಲ್ಲ ಎಂದು ಕಾಣುತ್ತದೆ. ನನಗೂ ಹಿಡಿಸಿಲ್ಲ.

ಇನ್ನು ಯಾವತ್ತೂ ಬರುವ ಹಾಗಿಲ್ಲ ಎಂದು ಹೇಳಿ, ಕೊನೆ ಪುಸ್ತಕದಲ್ಲಿ ಎಲ್ಲರೂ ಹೇಗೆ ಬಂದರು? ಸೂಸನ್ ಯಾಕಿಲ್ಲ?

ಪೀಟರ್, ಸೂಸನ್‌ಗೆ ಕ್ಯಾಸ್ಪಿಯನ್ ಪುಸ್ತಕದ ಕೊನೆಯಲ್ಲಿ, ಎಡ್ಮಂಡ್, ಲೂಸಿಗೆ ಹಡಗು ಪುಸ್ತಕದ ಕೊನೆಯಲ್ಲಿ ಬಾಗಿಲು ಮುಚ್ಚಿತು. ಅಸ್ಲಾನ್ ಮಾತಿಗೆ ತಪ್ಪಲಿಲ್ಲ. ಕೊನೆಯಲ್ಲಿ ಅವರು ಬಂದದ್ದು ಆ ಹಳೆಯ ನಾರ್ನಿಯಾಕ್ಕಲ್ಲ, ಮತ್ತು ಅವರು ಜೀವಂತವಾಗಿಯೂ ಇರಲಿಲ್ಲ. ರೈಲು ಅಪಘಾತ ಆಗಿತ್ತು. ಇದನ್ನು ಹೇಳುವ ದಿನ ತಾರಸಿಯಲ್ಲಿ ಸದ್ದೇ ಇರುವುದಿಲ್ಲ. ಚಿಕ್ಕವರಿದ್ದರೆ ನಾನು ಆ ಪುಟ ಮುಂದಕ್ಕೆ ಹಾಕುತ್ತೇನೆ.

ಸೂಸನ್ ಆ ರೈಲಿನಲ್ಲಿ ಇರಲಿಲ್ಲ. ಅವಳಿಗೆ ಈಗ ಲಿಪ್‌ಸ್ಟಿಕ್, ನೈಲಾನ್ ಕಾಲುಚೀಲ, ಪಾರ್ಟಿಯ ಕರೆಯೋಲೆ ಬಿಟ್ಟರೆ ಬೇರೆ ಆಸಕ್ತಿ ಇಲ್ಲ, ನಾರ್ನಿಯಾ ಎಲ್ಲ ಚಿಕ್ಕವರಿದ್ದಾಗಿನ ಆಟ ಎನ್ನುತ್ತಾಳೆ ಎಂದು ಉಳಿದವರು ಹೇಳುತ್ತಾರೆ. ಒಮ್ಮೆ ನಾರ್ನಿಯಾದ ರಾಣಿಯಾದವಳು ಯಾವಾಗಲೂ ರಾಣಿಯೇ ಎಂದು ಮೊದಲ ಪುಸ್ತಕದಲ್ಲಿ ಹೇಳಿ, ಕೊನೆಯಲ್ಲಿ ಹೀಗೆ ಮಾಡುವುದಾ? ದೊಡ್ಡ ಹುಡುಗಿಯರು ಇಲ್ಲಿ ಸಿಟ್ಟಾಗುತ್ತಾರೆ. ಅವರ ಸಿಟ್ಟು ಸರಿಯಾಗಿದೆ. ಒಂದೇ ಸಲಕ್ಕೆ ಅಣ್ಣ, ತಮ್ಮ, ತಂಗಿ, ಅಪ್ಪ, ಅಮ್ಮ ಎಲ್ಲರನ್ನೂ ಕಳೆದುಕೊಂಡ ಹುಡುಗಿ ಅವಳು. ಅವಳ ಬಗ್ಗೆ ಪುಸ್ತಕದಲ್ಲಿರುವುದು ಬೇರೆಯವರು ಆಡಿದ ನಾಲ್ಕು ಚುಚ್ಚುಮಾತು. ಇಲ್ಲೂ ನನ್ನ ಹಳೇ ಪ್ರಶ್ನೆಯನ್ನೇ ಕೇಳುತ್ತೇನೆ, ಹೇಳಿದ್ದು ಯಾರು?

1957ರಲ್ಲಿ ಇನ್ನೊಬ್ಬ ಹುಡುಗನಿಗೆ ಬರೆದ ಪತ್ರದಲ್ಲಿ ಲೂಯಿಸ್, ಸೂಸನ್ ಇನ್ನೂ ಬದುಕಿದ್ದಾಳೆ, ಅವಳಿಗೆ ಬೇಕಾದಷ್ಟು ಸಮಯ ಇದೆ, ತನ್ನದೇ ದಾರಿಯಲ್ಲಿ ಅವಳೂ ಅಲ್ಲಿಗೆ ಸೇರಬಹುದು ಎಂದಿದ್ದಾನೆ. ಅದನ್ನು ಪುಸ್ತಕದಲ್ಲೇ ಒಂದು ಸಾಲು ಬರೆದಿದ್ದರೆ ಅವನ ಗಂಟೇನು ಹೋಗುತ್ತಿತ್ತು?

(ಒಬ್ಬರು ತಂದೆ ಕೇಳಿದ್ದು) ಇಷ್ಟೊಂದು ತಪ್ಪಿರುವ ಪುಸ್ತಕವನ್ನು ಮಕ್ಕಳಿಗೆ ಯಾಕೆ ಹೇಳುತ್ತೀರಿ?

ಸರ್, ನಮ್ಮದು ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆ. ನಾನು ಚಿಕ್ಕವಳಿದ್ದಾಗ ಊರ ಜಾತ್ರೆಯಲ್ಲಿ ರಾತ್ರಿಯೆಲ್ಲಾ ಕುರುಕ್ಷೇತ್ರ ನಾಟಕ ನೋಡಿದ್ದೇನೆ. ದುರ್ಯೋಧನ ಗದೆ ಎತ್ತಿದಾಗ ಕೈಯಲ್ಲಿ ವಾಚು ಮಿಂಚಿತು. ಹಾರ್ಮೋನಿಯಂ ಮೇಷ್ಟ್ರು ನುಡಿಸಿದ್ದು ಯಾವುದೋ ಸಿನಿಮಾ ಧಾಟಿ. ಬೆಳಗಿನ ಜಾವ ಅವನು ತೊಡೆ ಮುರಿದು ಬಿದ್ದಾಗ ನಮ್ಮಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ವಾಚನ್ನು ಅವರೂ ನೋಡಿದ್ದರು. ಮಾರನೇ ದಿನ ಅದನ್ನು ಹೇಳಿಕೊಂಡು ನಕ್ಕರು ಕೂಡ.

ನಿಮ್ಮ ಮಗಳೇ ಮೊನ್ನೆ ಜೇನುಹುಳದ ಪ್ರಶ್ನೆ ಕೇಳಿದ್ದು.

ಬೀರು ಬಾಗಿಲು ಒಳಗಿಂದ ಹಾಕಿಕೊಳ್ಳಬಾರದು ಎಂದು ಲೂಯಿಸ್ ಅಷ್ಟು ಸಲ ಯಾಕೆ ಹೇಳುತ್ತಾನೆ? ಎಡ್ಮಂಡ್ ಹಾಕಿಕೊಂಡಿದ್ದನಲ್ಲ, ಅವನು ಹೇಗೆ ಹೊರಗೆ ಬಂದ?

ಎಡ್ಮಂಡ್ ಹಾಕಿಕೊಂಡಿದ್ದು ನಿಜ. ವಾಪಸ್ ಬರುವಾಗ ಅವನೂ ಲೂಸಿಯೂ ಕೊಂಬೆಗಳ ನಡುವೆ ನಡೆಯುತ್ತಿದ್ದವರು ಕೋಟುಗಳ ನಡುವೆ ಇರುತ್ತಾರೆ, ಮರುಕ್ಷಣ ಖಾಲಿ ಕೋಣೆಯಲ್ಲಿ ನಿಂತಿರುತ್ತಾರೆ. ಬಾಗಿಲು ಯಾರು ತೆಗೆದರು ಎಂದು ಬರೆದಿಲ್ಲ.

ಆದರೆ ಅವರದು ಮರದ ಬೀರು, ನಾರ್ನಿಯಾದ ಮರ. ನಮ್ಮ ನಿಮ್ಮ ಮನೆಯಲ್ಲಿರುವುದು ಕಬ್ಬಿಣದ್ದು. ಹಿಡಿ ಹೊರಗಡೆ ಮಾತ್ರ ಇದೆ, ಒಳಗಿಂದ ತೆಗೆಯಲು ಬರುವುದಿಲ್ಲ. ಯಾರೂ ಒಳಗೆ ಕೂತು ನೋಡಬೇಡಿ. ಕಳೆದ ಬೇಸಿಗೆಯಲ್ಲಿ ಒಬ್ಬ ನೋಡಿದ್ದಾನೆ, ಅವನ ಅಮ್ಮ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.